ಪುಡಿಯಿಂದಾದ ಲೋಹ

ಆಷಾಢದ ಮಳೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಸಂಚರಿಸಿದವರಿಗೆ, ಅಲ್ಲಿಯ ತೇವವು ಯಾವ ಲೋಹವನ್ನೂ ಸುಮ್ಮನೆ ಬಿಡುವುದಿಲ್ಲವೆಂಬುದು ತಿಳಿದೇ ಇದೆ. ಕತ್ತಿ ಕೊಡಲಿಗಳಾದರೆ ಮೇಲಿನಿಂದ ತುಕ್ಕು ಹಿಡಿಯುತ್ತವೆ, ಉಜ್ಜಿದರೆ ಹೋಗುತ್ತದೆ. ಒಳಗಿನಿಂದಲೇ ಕೆಡಬಲ್ಲ ಲೋಹವೊಂದುಂಟು. ಅದರ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಲೋಹವನ್ನು ಕರಗಿಸಿ ಅಚ್ಚಿಗೆ ಎರೆಯುವುದನ್ನು ನಾವೆಲ್ಲರೂ ಬಲ್ಲೆವು. ಇದು ಹಾಗಲ್ಲ. ಲೋಹದ ಪುಡಿಯನ್ನು ಅಚ್ಚಿನಲ್ಲಿ ಬಲವಾಗಿ ಒತ್ತಿ, ಗಾಳಿ ತಾಗದ ಕುಲುಮೆಯಲ್ಲಿ, ಮುಖ್ಯ ಲೋಹವು ಕರಗದಷ್ಟು ಮಾತ್ರ ಕಾಸುತ್ತಾರೆ. ಕಣಕ್ಕೆ ಕಣ ಬೆಸೆದುಕೊಂಡು, ನಡುನಡುವೆ ಸೂಕ್ಷ್ಮರಂಧ್ರಗಳು ಉಳಿಯುತ್ತವೆ. ಮೇಜಿನ ಫ್ಯಾನು, ಮಿಕ್ಸಿಗಳ ಮೋಟಾರಿನಲ್ಲಿರುವ ಕಂಚಿನ ಬುಷ್ಷು ಸಾಮಾನ್ಯವಾಗಿ ಇಂಥದು: ನೂರಕ್ಕೆ ೯೦ ಪಾಲು ತಾಮ್ರ, ೧೦ ಪಾಲು ತವರ, ಗಾತ್ರದಲ್ಲಿ ಸುಮಾರು ಐದರಲ್ಲೊಂದು ಪಾಲು ಬರಿಯ ರಂಧ್ರ. ಆ ರಂಧ್ರಗಳಲ್ಲಿ ಎಣ್ಣೆ ತುಂಬಿರುತ್ತದೆ. ದಂಡವು ತಿರುಗಿ ಬಿಸಿಯಾದಾಗ ಎಣ್ಣೆ ಹೊರಬರುತ್ತದೆ. ನಿಂತು ಆರಿದಾಗ ಮರಳಿ ಒಳಸೇರುತ್ತದೆ.

ಇನ್ನು ಕೆಲಸಗಾರನ ಕಷ್ಟವನ್ನು ನೋಡೋಣ. ಬುಷ್ಷು ಸವೆದಿದೆ. ಅಳತೆಗೆ ಸರಿಯಾದುದು ಊರಿನಲ್ಲಿಲ್ಲ. ಮಳೆಯಲ್ಲಿ ಶಿವಮೊಗ್ಗೆಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ. ಅಂಗಡಿಯಲ್ಲಿದ್ದುದನ್ನೇ ಲೇತಿಗೆ ಹಚ್ಚಿ ಕೊಂಚ ಕೊರೆದರಾಯಿತೆಂದು ತೋರುವುದು ಸಹಜವೇ. ಆದರೆ ಮೊಂಡಾದ ಉಳಿಯಿಂದ ಕೊರೆದರೆ ಲೋಹವು ಕತ್ತರಿಸದೆ ಹರಡಿ, ರಂಧ್ರಗಳ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಎಣ್ಣೆ ಒಳಗಿದ್ದೂ ಇಲ್ಲದಂತಾಗುವುದು. ಬುಷ್ಷು ಕಿರುಗುಟ್ಟಿ ಕಡೆಗೆ ದಂಡವನ್ನು ಹಿಡಿದುಕೊಳ್ಳುತ್ತದೆ. ಮೋಟಾರಿನ ಸುರುಳಿ ಸುಟ್ಟರೂ ಸುಟ್ಟೀತು. ಗಿರಾಕಿಯಾದರೋ ಬುಷ್ಷೇ ಕಳಪೆಯೆಂದು ದೂರುತ್ತಾನೆ! ಮರಳುಕಾಗದದಿಂದ ಉಜ್ಜುವುದಂತೂ ಇನ್ನೂ ಕೇಡು. ಅದರ ಕಣಗಳು ರಂಧ್ರದಲ್ಲಿ ಹುದುಗಿ ದಂಡವನ್ನು ತಿನ್ನುತ್ತವೆ.

ಮುಟ್ಟಿದರೆ ಮೆದುವೆನಿಸುವ ಈ ಲೋಹ ಉಳಿಯನ್ನು ಬೇಗ ಸವೆಸುವುದೇಕೆ? ಗುಂಡಿಬಿದ್ದ ಘಟ್ಟದ ರಸ್ತೆಯಲ್ಲಿ ಗಾಡಿಯ ಗಾಲಿ ಪಡುವ ಪಾಡು ಇಲ್ಲಿ ಉಳಿಯ ಅಲಗಿಗೆ. ಪ್ರತಿಯೊಂದು ರಂಧ್ರದಲ್ಲಿಯೂ ಇಳಿದು, ಮತ್ತೆ ಲೋಹಕ್ಕೆ ಬಡಿಯುತ್ತದೆ. ಆದುದರಿಂದ ಹರಿತವಾದ ಕಾರ್ಬೈಡ್ ಅಲಗೂ ತೆಳುವಾದ ಕೊರೆತವೂ ಬೇಕು. ಕಾರ್ಖಾನೆಗಳಲ್ಲಿ ಇದನ್ನು 'ವಿಡಿಯಾ' ಎನ್ನುವುದುಂಟು. 'ವಜ್ರದಂತೆ' ಎಂಬ ಜರ್ಮನ್ ಮಾತಿನಿಂದ ಕಟ್ಟಿದ ಹೆಸರು. ಅದೇ ಹೆಸರಿನ ಕಂಪನಿ ೧೯೬೪ರಲ್ಲಿ ಬೆಂಗಳೂರಿನಲ್ಲಿಯೂ ಸ್ಥಾಪಿತವಾಯಿತು. ವಿನೋದವೇನೆಂದರೆ, ಆ ಅಲಗೂ ಪುಡಿಯನ್ನೊತ್ತಿ ಕಾಸಿದ್ದೇ.

ಕೊರೆಯುವಾಗ ನೀರು ಬೆರೆತ ದ್ರವವನ್ನು ಸುರಿಯಲಾಗದು. ದೀಪದ ಬತ್ತಿ ಎಣ್ಣೆ ಹೀರುವಂತೆ ರಂಧ್ರಗಳು ಅದನ್ನು ಹೀರಿಕೊಳ್ಳುತ್ತವೆ. ಪುಡಿಗಬ್ಬಿಣದ ಹಲ್ಲುಚಕ್ರವಾದರೆ ತುಕ್ಕು ಒಳಗೇ ಹುಟ್ಟುತ್ತದೆ. ಎಲ್ಲಕ್ಕಿಂತ ಲೇಸೆಂದರೆ ಕೊರೆಯದಿರುವುದು. ಅಳತೆಯ ಬುಷ್ಷಿನೊಳಗೆ ನಯವಾದ ಉಕ್ಕಿನ ಕಡ್ಡಿಯನ್ನು ತೂರಿಸಿ ಒತ್ತಿ ಕೂರಿಸಿದರೆ ಒಳ ಅಳತೆ ಕುಗ್ಗದು. ಕೊರೆಯಲೇಬೇಕಾಗಿ ಬಂದಿತೋ, ಬಳಿಕ ಬಿಸಿಯೆಣ್ಣೆಯಲ್ಲಿ ನೆನೆಯಿಸಿ, ಒರೆಸಿ, ಮತ್ತೆ ಕೊಂಚ ಕಾಸಿ ನೋಡಬೇಕು. ಒಳಮೈ ಎಣ್ಣೆ ಬೆವರದಿದ್ದರೆ ಅದನ್ನು ಮೋಟಾರಿಗೆ ಹಾಕತಕ್ಕದ್ದಲ್ಲ.