ಸಂಜೆ ಐದರ ಕೂಲಿ

ಮುಂಬಯಿಯ ಬಾಂದ್ರಾದಲ್ಲಿ ಮೌಂಟ್ ಮೇರಿ ಚರ್ಚಿನ ಸುತ್ತ ಮೇಣದ ಅಂಗಡಿಗಳಿವೆ. ಮೇಣದ ಕೈ, ಕಾಲು, ಕೂಸು, ಪುಟ್ಟ ಮನೆ, ವಿಮಾನ ಕೂಡ! ಮಂಡಿನೋವಿನವರು ಹರಕೆಗೆ ಕಾಲು ಕೊಳ್ಳುತ್ತಾರೆ, ಬಾಡಿಗೆಗೆ ಬೇಸತ್ತವರು ಮನೆ. ಸೆಪ್ಟೆಂಬರ್ 8ರ, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬದ ಬಳಿಕ ನಡೆಯುವ ಜಾತ್ರೆಯಲ್ಲಂತೂ ಎಲ್ಲ ಧರ್ಮದವರೂ ಸಾಲಿನಲ್ಲಿರುತ್ತಾರೆ. ಮಾಹಿಮ್‌ನ ಸೇಂಟ್ ಮೈಕಲ್ ಚರ್ಚಿನಲ್ಲಿ 1948ರಿಂದ ಬುಧವಾರದ ನೊವೇನಾ ಪ್ರಾರ್ಥನೆ ನಡೆದುಬಂದಿದೆ. ಅಲ್ಲಿಗೆ ಬೇಡಿಕೆಯ ಪತ್ರಗಳ ಜೊತೆ ಕೃತಜ್ಞತೆಯ ಪತ್ರಗಳೂ ಬರುತ್ತವೆ.

ಇದೆಲ್ಲ ಕೊಟ್ಟು ಕೊಳ್ಳುವ ವ್ಯಾಪಾರವೇ? ದೇವಸ್ಥಾನಕ್ಕೆ ಬೆಳ್ಳಿಯ ಕಣ್ಣು ಒಪ್ಪಿಸುವ ನಮ್ಮವರನ್ನು ಕಂಡ ನನಗೆ ಹಾಗನ್ನಿಸದು.

ನಿಜ, ದೇವರು ತನ್ನನ್ನು ಅರಸುವವರಿಗೆ ಪ್ರತಿಫಲ ಕೊಡುತ್ತಾನೆಂದು ಬೈಬಲಿನ ಇಬ್ರಿಯರ ಪತ್ರಿಕೆ ಹೇಳುತ್ತದೆ. ಆದರೆ ಯಾವ ಲೆಕ್ಕದಲ್ಲಿ? ಯೇಸು ಹೇಳಿದ ಕಥೆಯೊಂದರಲ್ಲಿ ದ್ರಾಕ್ಷಿತೋಟದ ಒಡೆಯ ಬೆಳಗ್ಗೆಯಿಂದ ದುಡಿದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಕೂಲಿ ಕೊಡುತ್ತಾನೆ. ಮೊದಲು ಬಂದವರು ಗೊಣಗುತ್ತಾರೆ, ಗೊಣಗದೆ ಇರುತ್ತಾರೆಯೇ! ಮುಂಬಯಿಯ ನಾಕಾಗಳಲ್ಲಿ, ಅಂದರೆ ಕೂಡುರಸ್ತೆಗಳಲ್ಲಿ, ಬೆಳಗ್ಗೆ ಕೆಲಸಕ್ಕೆ ಕಾದು ನಿಲ್ಲುವವರಿಗೆ ಮಾತ್ರ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆಯವರೆಗೆ ಯಾರೂ ಕರೆಯದವನ ಮನೆಯಲ್ಲೂ ರಾತ್ರಿ ಒಲೆ ಉರಿಯಬೇಕಲ್ಲ.

ಭಕ್ತಿಯ ಗಂಟೆ ಎಣಿಸಿ ಕೊಡುವ ಸಂಬಳವಲ್ಲ ದೇವರ ಪ್ರತಿಫಲ. ಕ್ರೈಸ್ತರು ಅದನ್ನು ಕೃಪೆ ಎನ್ನುತ್ತಾರೆ. ಕಥೆ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ಮೊದಲಲ್ಲೇ ಇದೆ, ಬರೀ 16 ವಚನ. ಬಿಡುವಾದಾಗ ಓದಿ ನೋಡಿ.