ಪರಿಹಾರ ಎಂದರೆ ಯಾವ ಪರಿಹಾರ?



ಸೊರಬ, ಶಿಕಾರಿಪುರದ ಸೀಮೆಯಲ್ಲಿ ದತ್ತಿ ಉಪನ್ಯಾಸ ಎಂದರೆ ಶಾಸನದಿಂದ ಶುರುವಾಗುವುದು ವಾಡಿಕೆ. ತಾಳಗುಂದ, ಬಳ್ಳಿಗಾವೆಗಳು ಪಕ್ಕದಲ್ಲೇ ಇರುವಾಗ ಅದು ಸಹಜವೂ ಹೌದು. ಇವತ್ತು ನಾನು ಹೇಳಲಿರುವುದು ನಿಮ್ಮ ಜಡೆ ಊರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಕಳೆದ ಅರ್ಧ ದಿನದ ಕಥೆ. ನನ್ನ ಕಸುಬಿನ ಬಗ್ಗೆ ನಾನು ಕಲಿತದ್ದರಲ್ಲಿ ದೊಡ್ಡ ಪಾಲು ಅಲ್ಲಿ ಸಿಕ್ಕಿತು.

ಸಣ್ಣ ವ್ಯಾಪಾರಿಗಳಿಗೆ ಬಿಲ್ಲು, ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಚಿಕ್ಕ ಕಂಪನಿಯೊಂದರ ವೆಬ್‌ಸೈಟನ್ನು ನಾವು ಕೆಲವರು ಸೇರಿ ಹೊಸದಾಗಿ ಕಟ್ಟಿದ್ದೆವು. ಕನ್ನಡದ ಪುಟಗಳನ್ನು ಬರೆದವನು ನಾನೇ. ಬೆಂಗಳೂರಿನಲ್ಲಿ ನೋಡಿದವರೆಲ್ಲ ಮೆಚ್ಚಿದರು. ಆದರೆ ಅವರಲ್ಲಿ ಒಬ್ಬರೂ ಅಂಗಡಿ ಇಟ್ಟವರಲ್ಲ. ಹಾಗಾಗಿ ಇಲ್ಲಿಗೆ ಬಂದೆ.

ಗಲ್ಲಾದ ಹಿಂದೆ ಕೂತಿದ್ದ ಯಜಮಾನರ ಕೈಗೆ ಮೊಬೈಲ್ ಕೊಟ್ಟು "ಹೇಗಿದೆ ನೋಡಿ" ಎಂದೆ. ಎರಡು ಸಲ ಮೇಲೆ ಕೆಳಗೆ ಸರಿಸಿ, "ಚಲೋ ಐತಿ ಸರ್" ಎಂದು ವಾಪಸು ಕೊಟ್ಟರು. ಚಹಾ ತರಿಸಿದರು. ದೂರದಿಂದ ಬಂದವನಿಗೆ ಬೇರೆ ಏನು ಹೇಳಿಯಾರು? ಮನೆಗೆ ಬಂದವರು "ಅಡುಗೆ ಹೇಗಿತ್ತು" ಎಂಬ ಪ್ರಶ್ನೆಗೆ ಕೊಡುವ ಉತ್ತರ ಅದು. ತಪ್ಪು ನಾನು ಕೇಳಿದ ಪ್ರಶ್ನೆಯಲ್ಲಿತ್ತು.

ಚಹಾ ಮುಗಿದ ಮೇಲೆ ಬೇರೆ ರೀತಿ ಕೇಳಿದೆ. "ಹೋದ ವಾರ ಉದ್ರಿ ಒಯ್ದವರ ಪಟ್ಟಿ ಈ ಸಾಫ್ಟ್‌ವೇರಿನಲ್ಲಿ ಸಿಗುತ್ತದೆಯೇ ಇಲ್ಲವೇ, ಇದನ್ನು ನೋಡಿ ನೀವೇ ಹೇಳಿ." ಅಷ್ಟು ಹೇಳಿ ಸುಮ್ಮನೆ ಕೂತೆ. ಆ ಸುಮ್ಮನೆ ಕೂರುವುದು ಕಷ್ಟದ ಕೆಲಸ. ಬೆರಳು ತಪ್ಪು ಕಡೆ ಹೋಗುವಾಗ "ಅಲ್ಲಿ ಅಲ್ಲ, ಇಲ್ಲಿ" ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ.

ಅವರು ಮೊದಲು ಬಿಸಿಲಿಗೆ ಬೆನ್ನು ಹಾಕಿ ಕೂತರು. ನಾವು ಇಷ್ಟಪಟ್ಟು ಆರಿಸಿದ್ದ ತೆಳು ಬೂದು ಅಕ್ಷರ ಹೊರಗಿನ ಬೆಳಕಿಗೆ ಕಾಣುತ್ತಲೇ ಇರಲಿಲ್ಲ. ಮೇಲಿನ ಸಾಲಿನಲ್ಲಿ, ಇಂಗ್ಲಿಷಿನ "ಸೊಲ್ಯೂಷನ್ಸ್" ಎಂಬುದಕ್ಕೆ, "ಪರಿಹಾರಗಳು" ಎಂದು ಬರೆದಿದ್ದೆ. ಅಲ್ಲಿ ಬೆರಳು ನಿಂತಿತು. "ಯಾವ ಪರಿಹಾರ ಸರ್? ಮಳಿದೋ, ಬೆಳಿದೋ?" ಎಂದು ಕೇಳಿದರು. ಭತ್ತ, ಶುಂಠಿ, ಅಡಿಕೆ ಬೆಳೆಯುವ ಈ ಸೀಮೆಯಲ್ಲಿ ಪರಿಹಾರ ಎಂದರೆ ಬೆಳೆ ಹಾಳಾದಾಗ ಸರ್ಕಾರ ಕೊಡುವ ಹಣ. ನಾನು ನಿಘಂಟಿನಿಂದ ಎತ್ತಿಕೊಂಡ ಪದಕ್ಕೆ ಇಲ್ಲಿ ಆಗಲೇ ಒಂದು ಕೆಲಸ ಇತ್ತು. ಕೆಳಗೆ "ಡೆಮೊ ಕಾಯ್ದಿರಿಸಿ" ಎಂಬ ಗುಂಡಿ. "ಯಾರನ್ನ ಕಾಯಬೇಕು?" ಎಂದರು. "ಖಾತೆ ತೆರೆಯಿರಿ" ಎಂಬುದು ಇನ್ನೂ ತೊಡಕಾಯಿತು. ಬ್ಯಾಂಕಿನಲ್ಲಿ ಒಂದು ಖಾತೆ, ಜಮೀನಿಗೆ ಒಂದು ಖಾತೆ, ಉದ್ರಿ ಬರೆಯುವ ಪುಸ್ತಕದಲ್ಲಿ ಗಿರಾಕಿಗೊಂದು ಖಾತೆ. ನಾವು ಹೇಳುತ್ತಿದ್ದುದು ಈ ಮೂರೂ ಅಲ್ಲ.

ಇವರು ಕಂಪ್ಯೂಟರ್ ಗೊತ್ತಿಲ್ಲದವರು ಎಂದು ಯಾರೂ ತಿಳಿಯಬಾರದು. 2018ರಿಂದ ದೇಶದ ಉದ್ದಕ್ಕೂ ಸಬ್ಸಿಡಿ ಗೊಬ್ಬರ ಮಾರುವವರೆಲ್ಲ ಪಿಒಎಸ್ ಯಂತ್ರದಲ್ಲೇ ಲೆಕ್ಕ ಕೊಡಬೇಕು, ಕೊಳ್ಳುವ ರೈತರ ಗುರುತನ್ನೂ ಅದರಲ್ಲೇ ದಾಖಲಿಸಬೇಕು. ಆ ಯಂತ್ರ ಅವರ ಮೇಜಿನ ಮೇಲೇ ಇತ್ತು. ಅದನ್ನು ದಿನಾ ನಡೆಸುವ ಕೈ ನಮ್ಮ ಪುಟದಲ್ಲಿ ತಡವರಿಸಿತೆಂದರೆ ಎಡವಿದ್ದು ಪುಟ.

ಜನ ವೆಬ್‌ಸೈಟುಗಳನ್ನು ಹೇಗೆ ಬಳಸುತ್ತಾರೆಂದು ಅಧ್ಯಯನ ಮಾಡುವ ಡೆನ್ಮಾರ್ಕಿನ ಯಾಕೋಬ್ ನೀಲ್ಸನ್ 2000ದಲ್ಲಿ ಒಂದು ಲೆಕ್ಕ ಬರೆದರು. ಐದೇ ಜನರ ಪಕ್ಕ ಕೂತು ಅವರು ಬಳಸುವುದನ್ನು ನೋಡಿದರೆ ಶೇ 85ರಷ್ಟು ತೊಡಕುಗಳು ಕಣ್ಣಿಗೆ ಬೀಳುತ್ತವೆ ಎಂದು. ಬಳಸುವವರಲ್ಲಿ ಬೇರೆ ಬೇರೆ ಬಗೆಯವರಿದ್ದರೆ ಒಂದೊಂದು ಬಗೆಯಿಂದಲೂ ಕೆಲವರನ್ನು ಕರೆಯಬೇಕು ಎಂದೂ ಅವರೇ ಹೇಳಿದ್ದಾರೆ. ಆ ಎರಡನೇ ಮಾತನ್ನು ಜನ ಮರೆಯುತ್ತಾರೆ. ಅಂದು ನಾನೂ ಮರೆತಿದ್ದೆ. ಅದಕ್ಕೆ ಕೊನೆಗೆ ಬರುತ್ತೇನೆ.

ಬಳಸುವವರ ಕಣ್ಣೆದುರಿಗೇ ಪರದೆ ಇಡುವ ಬುದ್ಧಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಜಮೀನಿನ ದಾಖಲೆಗಳ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದು, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿದ ಕಾಲ ಇಲ್ಲಿನ ಹಿರಿಯರಿಗೆ ನೆನಪಿರಬೇಕು. ಆ ಕೇಂದ್ರಗಳಲ್ಲಿ ಸಿಬ್ಬಂದಿಯ ಕಡೆಗೊಂದು, ರೈತರ ಕಡೆಗೊಂದು ಪರದೆ ಇಡುವ ಏರ್ಪಾಡು ಮಾಡಿದ್ದರು. ಒಳಗೆ ಏನು ಟೈಪಾಗುತ್ತಿದೆಯೆಂದು ಹೊರಗೆ ನಿಂತವರಿಗೂ ಕಾಣಬೇಕು ಎಂಬುದು ಉದ್ದೇಶ. ಅಪ್ಪನ ಹೆಸರು ತಪ್ಪಿದ್ದರೆ ಅಲ್ಲೇ ಹೇಳಬಹುದು. ಅಭಿಪ್ರಾಯ ಸಂಗ್ರಹ ಎಂದು ಆಮೇಲೆ ಫಾರ್ಮ್ ಹಂಚುವುದಕ್ಕಿಂತ ಇದು ಎಷ್ಟೋ ಮೇಲು.

ಬೆಂಗಳೂರಿನ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಹುಟ್ಟಿದ್ದೂ ಹಾಗೆಯೇ, ಬಳಸುವವರ ಪಕ್ಕದಲ್ಲೇ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಅವರ ವ್ಯಾಪಾರದ ಲೆಕ್ಕಕ್ಕೆಂದು ಮಗ ಭರತ್ ಗೋಯೆಂಕಾ ಬರೆದ ಪ್ರೋಗ್ರಾಮ್ ಅದರ ಮೂಲ. ಮೊದಲ ಬಳಕೆದಾರರು ಮನೆಯಲ್ಲೇ ಇದ್ದರು. ಖಾತೆಗಳಿಗೆ ಸಂಕೇತ ಸಂಖ್ಯೆ ಕೊಡದೆ ಹೆಸರಿನಿಂದಲೇ ಲೆಕ್ಕ ಬರೆಯಬಹುದು ಎಂಬುದು ಅದಕ್ಕೆ ಹೆಸರು ತಂದಿತು. ಕಿರ್ದಿ ಬರೆದು ಗೊತ್ತಿದ್ದವರಿಗೆ ಅದು ಹೊರಗಿನದು ಅನ್ನಿಸಲಿಲ್ಲ. 2020ರ ನವೆಂಬರಿನಲ್ಲಿ ಟ್ಯಾಲಿಪ್ರೈಮ್ ಬಂದಾಗ ಮುಖಚಹರೆ ಬಹಳ ಬದಲಾಯಿತು. ಆದರೂ ಪಾವತಿಗೆ ಎಫ್5, ಮಾರಾಟಕ್ಕೆ ಎಫ್8 ಹಾಗೇ ಉಳಿದವು. ವರ್ಷಗಳ ಬೆರಳಿನ ಅಭ್ಯಾಸವನ್ನು ಅಲ್ಲಿ ಅವರು ಮುಟ್ಟಲಿಲ್ಲ. ಬೇರೆ ಕೆಲವು ಕೀಲಿಗಳು ಬದಲಾದವು; ಕ್ರೆಡಿಟ್ ನೋಟಿನದು ಕಂಟ್ರೋಲ್ ಎಫ್8 ಇದ್ದದ್ದು ಆಲ್ಟ್ ಎಫ್6 ಆಯಿತು. ಇಂಥ ಬದಲಾವಣೆಯಾದಾಗ ಹಳಬರು "ಮೊದಲು ಎಲ್ಲಿತ್ತು" ಎಂದು ಹುಡುಕುತ್ತಾರೆ, ಹೊಸಬರು "ಇದು ಏನು" ಎಂದು ಕೇಳುತ್ತಾರೆ. ಇಬ್ಬರ ಮಾತನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಂಡರೆ ಇಬ್ಬರಿಗೂ ಅನ್ಯಾಯ.

ಸಂಜೆ ಹೊರಡುವ ಹೊತ್ತಿಗೆ ಯಜಮಾನರ ಮನೆಯವರು ಅಂಗಡಿಗೆ ಬಂದರು. ಬಂದವರೇ ಗಲ್ಲಾದ ಕೆಳಗಿನಿಂದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕ ತೆಗೆದು ಅಂದಿನ ಚೀಟಿಗಳನ್ನು ಇಳಿಸಲು ಕೂತರು. ಈ ಅಂಗಡಿಯ ಲೆಕ್ಕ ಬರೆಯುವವರು ಅವರು. ನಾನು ಮಧ್ಯಾಹ್ನವಿಡೀ ಮಾತಾಡಿಸಿದ್ದು ಲೆಕ್ಕ ಬರೆಯದವರನ್ನು.

ಮೊಬೈಲನ್ನು ಅವರ ಮುಂದಿಟ್ಟೆ. ಬೆಲೆ ಎಷ್ಟು ಎಂದು ಕೇಳಲಿಲ್ಲ, ಬಣ್ಣ ನೋಡಲಿಲ್ಲ. ಪುಸ್ತಕದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು. 2 ಚೀಲ ಎಂದು ಬರೆದದ್ದನ್ನು ಒಂದು ಗೆರೆಯಿಂದ ಹೊಡೆದು ಪಕ್ಕದಲ್ಲಿ 3 ಎಂದು ತಿದ್ದಿದ್ದರು. ಹೊಡೆದ ಅಂಕಿಯೂ ಓದಲು ಸಿಗುತ್ತಿತ್ತು.

"ಹಿಂಗ ತಪ್ಪು ಬರೆದ್ರ ನಿಮ್ದರಾಗ ತಿದ್ದೋದು ಹೆಂಗ? ತಿದ್ದಿದ್ದು ಆಮ್ಯಾಲ ಕಾಣತದೋ ಇಲ್ಲೋ?"

ಸಾಫ್ಟ್‌ವೇರಿನಲ್ಲಿ ಅದಕ್ಕೆ ವ್ಯವಸ್ಥೆ ಇತ್ತು. ನಾವು ಕಟ್ಟಿದ್ದ ಅಷ್ಟೂ ಪುಟಗಳಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರ ಒಪ್ಪಿಗೆ ಕೇಳಿ ಆ ತಿದ್ದಿದ ಸಾಲಿನ ಫೋಟೊ ತೆಗೆದುಕೊಂಡೆ. ಗಿರಾಕಿಯ ಹೆಸರಿನ ಮೇಲೆ ಅವರೇ ಒಂದು ಚೀಟಿ ಮುಚ್ಚಿ ಹಿಡಿದರು.