ನೈಟ್ರೋ ಟ್ರಕ್ಕು ಕಲಿಸಿದ ಪಾಠ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೂ ಇಂಜಿನ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಳೆದ ಬೇಸಿಗೆ ರಜೆಯವರೆಗೆ ಏನೂ ಸಂಬಂಧವಿರಲಿಲ್ಲ. ದುಬೈಯಲ್ಲಿರುವ ನನ್ನ ಅಣ್ಣ ಊರಿಗೆ ಬಂದಾಗ ಶಾಲೆಯ ಮಕ್ಕಳಿಗೆಂದು ಒಂದು ದೊಡ್ಡ ಪೆಟ್ಟಿಗೆ ತಂದರು. ಮುಚ್ಚಳದ ಮೇಲೆ ದಪ್ಪ ಚಕ್ರಗಳ ಟ್ರಕ್ಕಿನ ಚಿತ್ರವಿತ್ತು. ತೆರೆದು ನೋಡಿದರೆ ಒಳಗೆ ಟ್ರಕ್ಕೇ ಇಲ್ಲ! ಚೀಲ ಚೀಲಗಳಲ್ಲಿ ಸ್ಕ್ರೂ, ಬೇರಿಂಗ್, ಗೇರು, ಸ್ಪ್ರಿಂಗು, ಜೊತೆಗೆ ಇಂಗ್ಲಿಷಿನ ಒಂದು ಪುಸ್ತಿಕೆ.

ರೇಡಿಯೋ ನಿಯಂತ್ರಣದ ಟ್ರಕ್ಕುಗಳಲ್ಲಿ ಎರಡು ಬಗೆಯಿವೆ. 1999ರಲ್ಲಿ ಅಮೆರಿಕದ ಟ್ರಾಕ್ಸಸ್ ಕಂಪನಿ ತಂದ ಟಿ-ಮ್ಯಾಕ್ಸ್‌ನಂಥವು ಜೋಡಿಸಿಯೇ ಸಿಗುತ್ತಿದ್ದವು. ಇನ್ನೊಂದು ಬಗೆ ಕಿಟ್, ಅಂದರೆ ಪ್ರತಿಯೊಂದು ಸ್ಕ್ರೂವನ್ನೂ ನಾವೇ ಕೂರಿಸಬೇಕು. ಅಣ್ಣ ತಂದದ್ದು ಕಿಟ್. ಒಂಬತ್ತು ಮತ್ತು ಹತ್ತನೇ ತರಗತಿಯ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಕೆಲಸ ಆರಂಭಿಸಿದೆ.

ಈ ಟ್ರಕ್ಕಿನ ಇಂಜಿನ್ ನಿಮ್ಮ ಮುಷ್ಟಿಯೊಳಗೆ ಹಿಡಿಯುತ್ತದೆ. ಅದರ ಅಳತೆ ಸುಮಾರು 3.5 ಸಿ.ಸಿ. ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು ಹೊತ್ತು ಓಡಾಡಿದ ಟಿ.ವಿ.ಎಸ್. ಎಕ್ಸ್.ಎಲ್. ಸೂಪರ್ ಮೊಪೆಡ್ಡಿನದು ಸುಮಾರು 70 ಸಿ.ಸಿ. ಅಂದರೆ ಇದು ಅದರ ಇಪ್ಪತ್ತನೇ ಒಂದು ಪಾಲು. ಆದರೂ ನಿಮಿಷಕ್ಕೆ 30,000 ಸುತ್ತಿನಷ್ಟು ವೇಗವಾಗಿ ತಿರುಗಬಲ್ಲದು!

ಮೊದಲ ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ನಾನು ಪುಸ್ತಿಕೆ ಓದಿ ಅರ್ಥ ಹೇಳುತ್ತಿದ್ದೆ, ಮಕ್ಕಳು ಜೋಡಿಸುತ್ತಿದ್ದರು. ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳು ಅದುರಿ ಸಡಿಲವಾಗದಂತೆ ಒಂದೊಂದು ಹನಿ ಅಂಟುದ್ರವ ಹಾಕಿದೆವು. ಎರಡು ಗೇರುಗಳ ಹಲ್ಲುಗಳ ನಡುವೆ ಎಷ್ಟು ಸಂದು ಬಿಡಬೇಕೆಂದು ತಿಳಿಯಲು ನೋಟ್‌ಬುಕ್ಕಿನ ಕಾಗದದ ಪಟ್ಟಿಯೊಂದನ್ನು ನಡುವೆ ಸಿಕ್ಕಿಸಿ, ಇಂಜಿನ್ ಬಿಗಿದು, ಆಮೇಲೆ ಕಾಗದ ಎಳೆದುಬಿಟ್ಟರೆ ಸಾಕು. ಬಿಗಿಯಾದರೆ ಗೇರು ಸವೆಯುತ್ತದೆ, ಸಡಿಲವಾದರೆ ಹಲ್ಲು ಮುರಿಯುತ್ತದೆ.

ಎಲ್ಲ ಮುಗಿಯಿತೆಂದು ಟ್ರಕ್ಕನ್ನು ನೆಲದ ಮೇಲಿಟ್ಟು ತಳ್ಳಿದೆವು. ಅದು ಕದಲಲೇ ಇಲ್ಲ. ಪುಸ್ತಿಕೆಯನ್ನು ಮೂರು ಸಲ ಓದಿದೆ. ತಪ್ಪು ಸಿಗಲಿಲ್ಲ.

ಶಾಲೆಯ ಪಕ್ಕದ ಬೀದಿಯಲ್ಲಿ ಒಂದು ಗ್ಯಾರೇಜಿದೆ. ಅಲ್ಲಿ ಕೆಲಸ ಮಾಡುವ ಹದಿನೇಳರ ಹುಡುಗನೊಬ್ಬ ಏಳನೇ ತರಗತಿಗೇ ಶಾಲೆ ಬಿಟ್ಟವನು. ದಿನವೂ ಕಾಂಪೌಂಡಿನಾಚೆ ನಿಂತು ನಮ್ಮನ್ನು ನೋಡುತ್ತಿದ್ದ. ಆ ದಿನ ಒಳಗೆ ಕರೆದೆ. ಅವನು ಟ್ರಕ್ಕನ್ನು ಎತ್ತಿ, ಮುಂದಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಹಿಂದಿನದನ್ನು ನೋಡಿ, “ಸರ್, ಮುಂದಿನ ಕ್ರೌನ್ ಉಲ್ಟಾ ಕೂತಿದೆ” ಎಂದ. ನಿಜ. ಡಿಫರೆನ್ಷಿಯಲ್‌ನ ದೊಡ್ಡ ಗೇರನ್ನು ನಾವು ಎಡಬಲ ಬದಲಿಸಿ ಕೂರಿಸಿದ್ದೆವು. ಹಿಂದಿನ ಚಕ್ರ ಮುಂದಕ್ಕೆ ಹೊರಟರೆ ಮುಂದಿನದು ಹಿಂದಕ್ಕೆ ಹೊರಡುತ್ತಿತ್ತು. ಪುಸ್ತಿಕೆಯ ಚಿತ್ರದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ನಾನು ಅಕ್ಷರ ಓದಿದ್ದೆ, ಚಿತ್ರ ನೋಡಿರಲಿಲ್ಲ. ಅಂದಿನಿಂದ ಅವನೂ ಗುಂಪಿಗೆ ಸೇರಿದ.

ಮುಂದೆ ಇಂಧನದ ಸರದಿ. ವಿಮಾನದಲ್ಲಿ ಅದನ್ನು ತರುವಂತಿಲ್ಲ. ಬೆಂಗಳೂರಿನಲ್ಲಿ ಮಾದರಿ ವಿಮಾನಗಳ ಸಾಮಾನು ಮಾರುವ ಅಂಗಡಿಯಿಂದ ತರಿಸಿದೆ. ಅದು ಬರುವ ಮೊದಲು ಗ್ಯಾರೇಜಿನ ಹುಡುಗ, “ಟೂ ಸ್ಟ್ರೋಕ್ ತಾನೇ ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕೋಣ” ಎಂದು ಬಾಟಲಿ ಹಿಡಿದು ಬಂದಿದ್ದ. ಈ ಸಲ ತಡೆದವಳು ಪುಸ್ತಿಕೆ ಓದಿದ್ದ ಒಂಬತ್ತನೇ ತರಗತಿಯ ಹುಡುಗಿ. ಏಕೆ ಹಾಕಬಾರದು ಎಂಬುದನ್ನೂ ಅವಳೇ ವಿವರಿಸಿದಳು.

ಸ್ಕೂಟರಿನಲ್ಲಿ ಸ್ಪಾರ್ಕ್ ಪ್ಲಗ್ ಪ್ರತಿ ಸಲವೂ ಕಿಡಿ ಹಾರಿಸುತ್ತದೆ. ಇಲ್ಲಿ ಕಿಡಿಯೇ ಇಲ್ಲ. ಇರುವುದು ಗ್ಲೋ ಪ್ಲಗ್, ಅದರ ತುದಿಯಲ್ಲಿ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ. ಚಾಲೂ ಮಾಡುವಾಗ ಮಾತ್ರ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಬೇಕು. ಬಳಿಕ ಬ್ಯಾಟರಿ ತೆಗೆದರೂ ಅದು ಕೆಂಪಗೇ ಇರುತ್ತದೆ. ಸಿಲಿಂಡರಿನ ಬಿಸಿಯ ಜೊತೆಗೆ, ಪ್ಲಾಟಿನಂ ಸೋಕಿದೊಡನೆ ಮೆಥನಾಲ್ ಆವಿ ಆಮ್ಲಜನಕದೊಂದಿಗೆ ಸೇರಿ ಶಾಖ ಕೊಡುತ್ತದೆ. ಕಾದ ಪ್ಲಾಟಿನಂ ತಂತಿ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಜ್ವಾಲೆಯಿಲ್ಲದೆಯೂ ಕೆಂಪಗೆ ಹೊಳೆಯುತ್ತಲೇ ಇರುವುದನ್ನು ಹಂಫ್ರಿ ಡೇವಿ 1817ರಲ್ಲೇ ಪ್ರಕಟಿಸಿದ್ದ. ನಿಮ್ಮ ವಿಜ್ಞಾನ ಪಠ್ಯದಲ್ಲಿ ‘ವೇಗವರ್ಧಕ’ ಎಂಬ ಪದ ಬರುತ್ತದಲ್ಲವೇ? ಅದೇ ಇದು. ಪೆಟ್ರೋಲಿನೊಂದಿಗೆ ಈ ಪ್ಲಗ್ ಕೆಲಸ ಮಾಡುವುದಿಲ್ಲ.

ನಮ್ಮ ಇಂಧನದಲ್ಲಿ ನೂರಕ್ಕೆ 20 ಭಾಗ ನೈಟ್ರೋಮೀಥೇನ್. ಉಳಿದದ್ದು ಮೆಥನಾಲ್ ಮತ್ತು ಇಂಜಿನ್ನಿಗೆ ಬೇಕಾದ ಎಣ್ಣೆ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಮೆಥನಾಲ್‌ಗೆ ಸುಮಾರು 6.5 ಕಿಲೋ ಸಾಕು, ನೈಟ್ರೋಮೀಥೇನ್‌ಗೆ 1.7 ಕಿಲೋ ಸಾಕು, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕ ಹೆಚ್ಚಿದೆ. ಆದ್ದರಿಂದ ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿದು ಹೆಚ್ಚು ಶಕ್ತಿ ಬರುತ್ತದೆ.

ಆದರೆ ಎಚ್ಚರ! ಮೆಥನಾಲ್ ವಿಷ. ಕಳ್ಳಭಟ್ಟಿ ಕುಡಿದು ಜನ ಕಣ್ಣು, ಪ್ರಾಣ ಕಳೆದುಕೊಳ್ಳುವುದು ಹೆಚ್ಚಾಗಿ ಇದರಿಂದಲೇ. ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಾಣಿಸುವುದೂ ಇಲ್ಲ. ಆದ್ದರಿಂದ ಇಂಧನ ತುಂಬುವುದು ಬಯಲಿನಲ್ಲಿ, ಹಿರಿಯರ ಕೈಯಿಂದ ಮಾತ್ರ.

ಹೊಸ ಇಂಜಿನ್ನನ್ನು ಮೊದಲ ನಾಲ್ಕೈದು ಟ್ಯಾಂಕು ಇಂಧನ ಮುಗಿಯುವವರೆಗೆ ನಿಧಾನವಾಗಿ ಓಡಿಸಿ ಪಳಗಿಸಬೇಕು. ಇದರ ಸಿಲಿಂಡರಿನ ಮೇಲ್ತುದಿ ಕೊಂಚ ಕಿರಿದು, ತಣ್ಣಗಿದ್ದಾಗ ಪಿಸ್ಟನ್ ಅಲ್ಲಿ ಸಿಕ್ಕಿದಂತಾಗುತ್ತದೆ. ಬಿಸಿಯಾದಾಗ ಸಿಲಿಂಡರು ಹಿಗ್ಗಿ, ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆ ಹೊಂದಾಣಿಕೆಗೆ ಸಮಯ ಬೇಕು, ಧಾರಾಳವಾಗಿ ಇಂಧನ ಬೇಕು, ಇಂಧನದೊಂದಿಗೆ ಬರುವ ಎಣ್ಣೆ ಬೇಕು.

ಎರಡನೇ ಟ್ಯಾಂಕಿನಲ್ಲೇ ಹತ್ತನೇ ತರಗತಿಯ ಹುಡುಗನೊಬ್ಬ ಉತ್ಸಾಹ ತಡೆಯಲಾರದೆ ರಿಮೋಟಿನ ಟ್ರಿಗರನ್ನು ಪೂರ್ತಿ ಒತ್ತಿದ. ಟ್ರಕ್ಕು ಮೈದಾನದ ಆ ತುದಿಗೆ ನುಗ್ಗಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಗ್ಯಾರೇಜಿನ ಹುಡುಗ ಮಾತ್ರ ಕೂಗಿದ: “ಬಿಡಿಸಿ ಸರ್, ಇಂಜಿನ್ ಒಣಗಿ ಕಿರುಚ್ತಿದೆ. ಹೊಗೆ ನಿಂತುಹೋಗಿದೆ ನೋಡಿ!” ನಿಲ್ಲಿಸಿ, ಇಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟೆವು. ಚುರ್ ಎಂದು ಕ್ಷಣದಲ್ಲಿ ಆರಿಹೋಯಿತು. ನೀಡಲ್ ಸ್ಕ್ರೂವನ್ನು ಕಾಲು ಸುತ್ತು ತೆರೆದು ಇಂಧನ ಹೆಚ್ಚಿಸಿದ ಮೇಲೆ ತಿಳಿಹೊಗೆ ಮತ್ತೆ ಬಂತು. ಇನ್ನೊಂದು ನಿಮಿಷ ತಡವಾಗಿದ್ದರೆ ಪಿಸ್ಟನ್ ಹಾಳಾಗುತ್ತಿತ್ತು. ಇದೇ ಎಚ್ಚರಿಕೆ ಪುಸ್ತಿಕೆಯಲ್ಲೂ ಇತ್ತು. ನಾವು ಓದಿ ಮರೆತಿದ್ದೆವು, ಅವನು ಓದದೆಯೇ ಕೇಳಿಸಿಕೊಂಡ.

ಈಗ ನಮ್ಮ ಟ್ರಕ್ಕು ಚೆನ್ನಾಗಿ ಓಡುತ್ತಿದೆ. ರೇಡಿಯೋ ಸಂಕೇತ ತಪ್ಪಿದರೆ ತಾನಾಗಿ ಬ್ರೇಕ್ ಹಾಕುವ ‘ಫೇಲ್ ಸೇಫ್’ ಪರೀಕ್ಷಿಸದೆ ನಾವು ಅದನ್ನು ಮೈದಾನಕ್ಕೆ ಬಿಡುವುದಿಲ್ಲ.

ವಿದ್ಯಾರ್ಥಿಗಳೇ, ಗ್ಯಾರೇಜಿನ ಹಿರಿಯ ಮೆಕ್ಯಾನಿಕನನ್ನು ಹುಡುಗರು ‘ಉಸ್ತಾದ್’ ಎನ್ನುತ್ತಾರೆ. ಆ ಪದದ ಅರ್ಥ ಗುರು. ಶಾಲೆಯ ಗುರುವಿಗೂ ಅದೇ ಪದ. ಪದ ಒಂದೇ ಇದ್ದರೂ ನಾವು ನಡುವೆ ಕಾಂಪೌಂಡು ಕಟ್ಟಿದ್ದೇವೆ. ಈಚೆ ಓದು, ಆಚೆ ಕೈಕೆಲಸ. ಅವನಿಲ್ಲದಿದ್ದರೆ ನಮ್ಮ ಟ್ರಕ್ಕು ಕದಲುತ್ತಿರಲಿಲ್ಲ. ಪುಸ್ತಿಕೆಯಿಲ್ಲದಿದ್ದರೆ ಅವನು ಟ್ಯಾಂಕಿಗೆ ಪೆಟ್ರೋಲು ಸುರಿಯುತ್ತಿದ್ದ.

ಆ ಹುಡುಗ ಈ ವರ್ಷ ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಬರೆದ. ಕನ್ನಡ, ವಿಜ್ಞಾನ ಪಾಸಾಯಿತು. ಗಣಿತ ಮತ್ತು ಇಂಗ್ಲಿಷ್ ಉಳಿದಿವೆ. ಸಂಜೆ ಗ್ಯಾರೇಜು ಮುಚ್ಚಿದ ಮೇಲೆ ಓದಲು ಬರುತ್ತಾನೆ. ಗಣಿತ ಹೇಳಿಕೊಡುವವಳು ಅವನ ಪೆಟ್ರೋಲು ಬಾಟಲಿ ತಡೆದ ಅದೇ ಹುಡುಗಿ. ಅವಳಿಗೆ ಅವನು ಈಗ ಕಾರ್ಬುರೇಟರ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದಾನೆ.

ನಿಮ್ಮ ಬೀದಿಯಲ್ಲೂ ಇಂಥ ಒಬ್ಬನಿರಬಹುದು. ಅವನನ್ನು ಒಳಗೆ ಕರೆಯಿರಿ. ನಿಮ್ಮ ಪುಸ್ತಕವನ್ನು ಅವನಿಗೆ ಓದಿ ಹೇಳಿ, ಅವನ ಸ್ಪ್ಯಾನರನ್ನು ನೀವು ಹಿಡಿದು ನೋಡಿ.